ಅರ್ಧ ಪಗಾರ, ಪೂರಾ ಸಹಿ

ಕಳೆದ ತಿಂಗಳು ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ‘ಗಣಿತದ ಮೇಡಂ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡರು’ ಎಂದು ಹಾಕಿದ. ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ನಡುವೆ ಯಾರೋ ‘ಯಾವ ಮೇಡಂ?’ ಎಂದು ಕೇಳಿದ. ‘ಅದ ಲೇ, ದುಬೈ ಮೇಡಂ’ ಎಂದು ಉತ್ತರ ಬಂತು. ಆಗ ಎಲ್ಲರಿಗೂ ಗುರುತು ಹತ್ತಿತು.

ಮೇಡಂ ದುಬೈ ನೋಡಿರಲೇ ಇಲ್ಲ. ಅವರು ಕೆಲಸಕ್ಕೆ ಹೋಗಿದ್ದು ಕೊಲ್ಲಿಯ ಬೇರೊಂದು ದೇಶಕ್ಕೆ. ಆದರೆ ಗಂಗಾವತಿಯ ಮಟ್ಟಿಗೆ ಆ ದಿಕ್ಕಿಗೆ ವಿಮಾನ ಹತ್ತಿದವರೆಲ್ಲ ದುಬೈಗೆ ಹೋದವರೇ. ಮೊದಮೊದಲು ಅವರು ಜನರನ್ನು ತಿದ್ದುತ್ತಿದ್ದರು. ಆಮೇಲೆ, ‘ಹೋಗ್ಲಿ ಬಿಡ್ರಿ. ಪಗಾರ ಕೊಡದ ಮ್ಯಾಲೆ ಯಾವ ದೇಶ ಆದ್ರೇನು?’ ಎಂದು ಬಿಟ್ಟುಬಿಟ್ಟರು. ತಿದ್ದುವುದನ್ನು ಅವರು ಬಿಟ್ಟದ್ದು ನನಗೆ ತಿಳಿದ ಮಟ್ಟಿಗೆ ಅದೊಂದೇ ವಿಷಯದಲ್ಲಿ.

ನಾನು ಅದೇ ಕಾಲೇಜಿನಲ್ಲಿ ಕನ್ನಡ ಹೇಳುವವನು. ಖಾಸಗಿ ಪಿಯು ಕಾಲೇಜು. ನಮ್ಮ ಅಧ್ಯಕ್ಷರು ಮರಳಿಯ ಕಡೆಯವರು; ಅವರದು ಅಕ್ಕಿ ಗಿರಣಿ. ಗಿರಣಿಯಲ್ಲಿ ಬಂದ ಲಾಭದಿಂದ ಕಾಲೇಜು ತೆಗೆದರು, ಈಗ ಕಾಲೇಜಿನಲ್ಲಿ ಬಂದ ಲಾಭದಿಂದ ಗಿರಣಿ ದೊಡ್ಡದು ಮಾಡಿದ್ದಾರೆ. ಮೇಡಂ ಮತ್ತು ನಾನು ಸ್ಟಾಫ್ ರೂಮಿನಲ್ಲಿ ಒಂದೇ ಮೇಜಿನ ಆ ಕಡೆ ಈ ಕಡೆ ಹನ್ನೆರಡು ವರ್ಷ ಕೂತವರು. ಅಷ್ಟು ವರ್ಷ ಎದುರು ಕೂತವರ ಬಗ್ಗೆ ನಾಲ್ಕು ಮಾತು ಬರೆಯಲಾಗದಿದ್ದರೆ ಕನ್ನಡ ಕಲಿಸಿ ಏನು ಬಂತು ಎಂದು ಬರೆಯಲು ಕೂತಿದ್ದೇನೆ. ಅವರಿದ್ದರೆ, ‘ಕನ್ನಡ ಸರ್ರು ಶುರು ಮಾಡ್ಯಾರಂದ್ರ ಬಸ್ಸು ತಪ್ಪತೈತಿ’ ಎನ್ನುತ್ತಿದ್ದರು.

ಬಸ್ಸಿನ ಮಾತು ಬಂತಲ್ಲ, ಅಲ್ಲಿಂದಲೇ ಹೇಳುತ್ತೇನೆ. ಅವರ ಊರು ತಾವರಗೇರಾ. ವಾರಕ್ಕೊಮ್ಮೆ ತಾಯಿಯನ್ನು ನೋಡಲು ಹೋಗುತ್ತಿದ್ದರು. ಒಮ್ಮೆ ಒಂದು ಮದುವೆಗೆ ಹೊರಟು ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರ್ ಟಿಕೆಟಿನ ಹಿಂದೆ ಒಂದು ರೂಪಾಯಿ ಬಾಕಿ ಎಂದು ಗೀಚಿಕೊಟ್ಟಿದ್ದ. ತಾವರಗೇರಾ ಬಂತು, ಮೇಡಂ ಬಾಗಿಲ ಮೆಟ್ಟಿಲ ಮೇಲೆ ನಿಂತರು, ಇಳಿಯಲಿಲ್ಲ.

‘ಏನ್ರೀ ಮೇಡಂ, ಒಂದು ರೂಪಾಯಿಗೆ ಬಸ್ಸು ನಿಂದ್ರಸ್ತೀರೇನು?’ ಎಂದ ಕಂಡಕ್ಟರ್.

‘ಬಸ್ಸು ನಿಂದ್ರಿಸಿದ್ದು ನಿಮ್ಮ ಡ್ರೈವರ್ರು. ನಾನು ಇಳಿಯಾಕತ್ತೀನಿ. ನಿಧಾನಕ್ಕ ಇಳಿಯಾಕತ್ತೀನಿ ಅಷ್ಟ.’

ಬಸ್ಸಿನ ಜನ ನಕ್ಕರು, ಬೈದರು. ಕಂಡಕ್ಟರ್ ಯಾರ ಹತ್ತಿರವೋ ಚಿಲ್ಲರೆ ಇಸಕೊಂಡು ಕೊಟ್ಟ. ಮೇಡಂ ಅದನ್ನು ನೋಡಿ, ಪರ್ಸಿಗೆ ಹಾಕಿಕೊಂಡು, ‘ಥ್ಯಾಂಕ್ಸ್ ರೀ’ ಎಂದು ಇಳಿದು ಹೋದರು. ಮುಂದೆ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಾಗ ಎಲ್ಲರೂ ಖುಷಿಪಟ್ಟರೆ ಇವರಿಗೆ ಸ್ವಲ್ಪ ಬೇಸರವೇ ಆಯಿತು. ಕಂಡಕ್ಟರುಗಳ ಜೊತೆ ಜಗಳಾಡಲು ಕಾರಣ ಉಳಿಯಲಿಲ್ಲವಲ್ಲ.

ತರಗತಿಯಲ್ಲಿಯೂ ಹಾಗೆಯೇ. ಹೊಸ ಸೀಮೆಸುಣ್ಣ ಕೀಚ್ ಎನ್ನುತ್ತದೆಂದು ಮೊದಲು ಅದನ್ನು ಮುರಿಯುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೋರ್ಡಿನ ಎಡ ಮೂಲೆಯಿಂದ ಶುರು ಮಾಡಿದರೆ ಬಲ ಮೂಲೆಗೆ ಲೆಕ್ಕ ಮುಗಿಯುತ್ತಿತ್ತು. ಹುಡುಗರು ಉತ್ತರ ಹಿಂದಿನ ಪುಟದಲ್ಲಿ ನೋಡಿಕೊಂಡು ಬರೆದರೆ ಅವರಿಗೆ ತಿಳಿದುಬಿಡುತ್ತಿತ್ತು. ‘ಉತ್ತರ ಯಾರು ಕೇಳ್ಯಾರೋ ನಿನಗ? ಅಲ್ಲಿಗೆ ಹೆಂಗ ಹೋದಿ ಹೇಳು’ ಎನ್ನುತ್ತಿದ್ದರು. ‘ಸುಮಾರು’ ಎಂಬ ಶಬ್ದ ಅವರಿಗೆ ಆಗುತ್ತಿರಲಿಲ್ಲ. ನಾನು ಬೇಕೆಂದೇ ಸುಮಾರು ನಾಲ್ಕು ಗಂಟೆ, ಸುಮಾರು ಐವತ್ತು ಹುಡುಗರು ಎಂದು ಅವರೆದುರು ಹೇಳುತ್ತಿದ್ದೆ. ‘ಸರ, ನಿಮ್ಮ ಮನ್ಯಾಗ ಮಕ್ಕಳೆಷ್ಟು, ಸುಮಾರು ಇಬ್ಬರೇನು?’ ಎಂದು ಒಮ್ಮೆ ನನ್ನ ಬಾಯಿ ಮುಚ್ಚಿಸಿದರು.

ಇಂಥವರು ತಿಂಗಳಿಗೊಮ್ಮೆ ಒಂದು ಸುಳ್ಳಿಗೆ ಸಹಿ ಮಾಡುತ್ತಿದ್ದರು. ನಾವೆಲ್ಲರೂ ಮಾಡುತ್ತಿದ್ದೆವು. ಗೊತ್ತಿಲ್ಲದವರಿಗೆ ಹೇಳಬೇಕು: ನಮ್ಮಂಥ ಕಾಲೇಜುಗಳಲ್ಲಿ ಪಗಾರದ ರಿಜಿಸ್ಟರಿನಲ್ಲಿ ಬರೆದಿರುವುದು ಒಂದು, ಕವರಿನಲ್ಲಿ ಬರುವುದು ಅದರ ಅರ್ಧ. ರಿಜಿಸ್ಟರು ಮೇಲಿನವರಿಗೆ ತೋರಿಸಲು, ಕವರು ನಮಗೆ. ಒಂದನೇ ತಾರೀಖು ಕ್ಲಾರ್ಕ್ ಎರಡನ್ನೂ ಹಿಡಿದು ಬರುತ್ತಾನೆ. ಮೊದಲು ಸಹಿ, ಆಮೇಲೆ ಕವರು. ಯಾರೂ ಏನೂ ಕೇಳುವುದಿಲ್ಲ. ಹೊಸದಾಗಿ ಸೇರಿದವರು ಮೊದಲ ತಿಂಗಳು ಒಮ್ಮೆ ತಲೆಯೆತ್ತಿ ನೋಡುತ್ತಾರೆ, ಪಕ್ಕದವರು ಕಣ್ಣಲ್ಲೇ ‘ಹಾಕು’ ಎನ್ನುತ್ತಾರೆ. ಎರಡನೇ ತಿಂಗಳಿಗೆ ಅವರೂ ನಮ್ಮವರಾಗಿರುತ್ತಾರೆ.

ಮೇಡಂ ಸಹಿ ಮಾಡುವಾಗ ಕಿಟಕಿಯ ಕಡೆ ನೋಡುತ್ತಿದ್ದರು. ಪೆನ್ನು ಹಾಳೆಯ ಮೇಲೆ, ಕಣ್ಣು ಹೊರಗೆ. ಒಂದೇ ಒಂದು ತಿಂಗಳೂ ಅವರು ಆ ಪುಟವನ್ನು ನೋಡಿ ಸಹಿ ಮಾಡಿದ್ದನ್ನು ನಾನು ಕಾಣೆ. ಒಮ್ಮೆ ಕೇಳಿದೆ. ‘ನೋಡಿ ಮಾಡಿದ್ರ ಸುಳ್ಳು ಆಗತೈತ್ರಿ. ನೋಡದಽ ಮಾಡಿದ್ರ ಬರೇ ಸಹಿ’ ಎಂದರು. ಗಣಿತದವರ ಈ ತರ್ಕ ನನಗೆ ಆಗ ತಮಾಷೆಯಾಗಿ ಕಂಡಿತು.

ಒಮ್ಮೆ ಮಾತ್ರ ಅಧ್ಯಕ್ಷರನ್ನು ನೇರವಾಗಿ ಕೇಳಿಬಿಟ್ಟರು: ಕೊಟ್ಟಷ್ಟಕ್ಕೇ ಸಹಿ ಮಾಡುತ್ತೇನೆ, ನಡೆಯುತ್ತದೆಯೇ ಎಂದು. ಅಧ್ಯಕ್ಷರು ಸಿಟ್ಟು ಮಾಡುವವರಲ್ಲ. ಚಹಾ ತರಿಸಿದರು. ‘ಮೇಡಂ, ನಿಮ್ಮೊಬ್ಬರ ಸಲುವಾಗಿ ಬ್ಯಾರೆ ರಿಜಿಸ್ಟರ್ ಇಡಾಕ ಬರತೈತೇನ್ರಿ? ನೀವು ನಮ್ಮ ಮನಿಯವರಿದ್ದಂಗ’ ಎಂದರು. ಮೇಡಂ ಚಹಾ ಕುಡಿದು ಬಂದರು. ಆ ವರ್ಷವೇ ಹೊಸಪೇಟೆಯ ಒಬ್ಬ ಏಜೆಂಟನ ಮೂಲಕ ಕೊಲ್ಲಿ ದೇಶದ ಶಾಲೆಗೆ ಅರ್ಜಿ ಹಾಕಿದರು. ‘ಅಲ್ಲಿ ಬರದಷ್ಟು ಕೊಡ್ತಾರಂತ್ರಿ’ ಎಂದು ನನಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು. ಪಗಾರ ಎಷ್ಟು ಎಂದು ಹೇಳಲೇ ಇಲ್ಲ. ಬರೆದಷ್ಟು ಕೊಡುತ್ತಾರೆ ಎಂಬುದೇ ಅವರಿಗೆ ದೊಡ್ಡ ಪಗಾರವಾಗಿತ್ತು.

ಹೋಗುವುದಕ್ಕೆ ಇನ್ನೊಂದು ಕಾರಣವೂ ಇತ್ತು, ಅದು ಮನೆ. ಅವರು ಮದುವೆಯಾಗಿರಲಿಲ್ಲ. ಗಂಗಾವತಿಯಲ್ಲಿ ಬಾಡಿಗೆ ಮನೆ ಕೇಳಲು ಹೋದಲ್ಲೆಲ್ಲ ‘ಯಜಮಾನ್ರು ಏನು ಮಾಡ್ತಾರ್ರಿ?’ ಎಂಬುದು ಮೊದಲ ಪ್ರಶ್ನೆ. ಇಲ್ಲ ಎಂದರೆ ಬಾಡಿಗೆ ಇದ್ದಕ್ಕಿದ್ದಂತೆ ಏರುತ್ತಿತ್ತು, ಇಲ್ಲವೇ ಮನೆ ಆಗಲೇ ಬೇರೆಯವರಿಗೆ ಕೊಟ್ಟಾಗಿರುತ್ತಿತ್ತು. ಒಬ್ಬ ಮಾಲೀಕಳು ಇವರ ಮನೆಗೆ ಯಾರು ಬಂದು ಹೋಗುತ್ತಾರೆಂದು ನೋಡಲೆಂದೇ ಎದುರಿಗೆ ಕಟ್ಟೆ ಹಾಕಿಸಿಕೊಂಡು ಕೂತಿದ್ದಳು. ‘ಸರ, ನನಗ ಬಂಗ್ಲೆ ಬ್ಯಾಡ್ರಿ. ಒಳಗಿಂದ ನಾನು ಹಾಕ್ಕೊಳ್ಳೂ ಚಿಲಕ ಒಂದಿದ್ರ ಸಾಕು’ ಎನ್ನುತ್ತಿದ್ದರು.

ಹಿರೇಜಂತಕಲ್ಲಿನಲ್ಲಿ ಎರಡು ಕೋಣೆಯ ಒಂದು ಮನೆ ಅವರ ಕಣ್ಣಿಗೆ ಬಿದ್ದಿತ್ತು. ಮುಂದೊಂದು ಬೇವಿನ ಗಿಡ, ಹಿಂದೆ ನೀರಿನ ತೊಟ್ಟಿ. ನವಲಿಯ ಒಬ್ಬ ಹಿರಿಯ ರೈತರದು. ಮಕ್ಕಳ ಓದಿಗೆಂದು ಕಟ್ಟಿಸಿದ್ದು, ಮಕ್ಕಳು ಓದು ಮುಗಿಸಿದ್ದರಿಂದ ಮಾರಲು ಇಟ್ಟಿದ್ದರು. ವಿದೇಶಕ್ಕೆ ಹೋದ ಮೊದಲ ವರ್ಷ ಪಗಾರ ಸರಿಯಾಗಿಯೇ ಬಂತು. ಅದನ್ನೆಲ್ಲ ಒಟ್ಟು ಮಾಡಿ ಆ ರೈತರಿಗೆ ಮುಂಗಡ ಕೊಟ್ಟರು, ಕರಾರು ಬರೆಸಿದರು. ಉಳಿದದ್ದು ಬರುವ ವರ್ಷದ ಉಗಾದಿಯೊಳಗೆ. ತಪ್ಪಿದರೆ ಮುಂಗಡ ಮುಳುಗಿತು, ಮನೆ ಇನ್ನೊಬ್ಬರಿಗೆ.

ಎರಡನೇ ವರ್ಷ ಶಾಲೆ ಪಗಾರ ನಿಲ್ಲಿಸಿತು. ಬ್ಯಾಂಕಿನ ತೊಂದರೆ, ಮುಂದಿನ ವಾರ, ಮುಂದಿನ ತಿಂಗಳು. ಹಾಗೆ ಏಳು ತಿಂಗಳು. ಅಲ್ಲಿನ ಶಿಕ್ಷಕರು ಒಬ್ಬೊಬ್ಬರಾಗಿ ಬಿಟ್ಟರು. ಮೇಡಂ ಕೂಡ ರಾಜೀನಾಮೆ ಕೊಟ್ಟರು. ಕೊನೆಯ ದಿನ ಆಫೀಸಿನ ಮನುಷ್ಯ ಒಂದು ಕಟ್ಟು ಕಾಗದ ಮುಂದಿಟ್ಟ. ವೀಸಾ ರದ್ದತಿ, ವಿಮಾನದ ಟಿಕೆಟು, ಗ್ರಂಥಾಲಯದ ಪುಸ್ತಕ ವಾಪಸು. ‘ಹಣ ವಾರದೊಳಗೆ ಖಾತೆಗೆ ಬರುತ್ತದೆ, ಇಲ್ಲಿ ಸಹಿ, ಇಲ್ಲಿ ಸಹಿ’ ಎಂದ. ಆ ಕೋಣೆಗೆ ಒಂದು ಕಿಟಕಿ ಇತ್ತಂತೆ. ಹೊರಗೆ ಶಾಲೆಯ ಹಳದಿ ಬಸ್ಸುಗಳು ನಿಂತಿದ್ದವಂತೆ. ಮೇಡಂ ಬಸ್ಸುಗಳನ್ನು ನೋಡುತ್ತ ಎಲ್ಲಕ್ಕೂ ಸಹಿ ಮಾಡಿದರು. ಆ ಕಟ್ಟಿನಲ್ಲಿ ‘ನನಗೆ ಬರಬೇಕಾದ ಪಗಾರವೆಲ್ಲ ಪೂರಾ ಮುಟ್ಟಿದೆ’ ಎಂಬುದೂ ಒಂದು ಹಾಳೆ.

ಇದನ್ನು ಅವರು ನನಗೆ ಹೇಳಿದ್ದು ವಾಪಸು ಬಂದ ಮೇಲೆ. ಸ್ಟಾಫ್ ರೂಮಿಗೆ ಒಂದು ಡಬ್ಬಿ ಖರ್ಜೂರ ತಂದಿದ್ದರು. ಎಲ್ಲರೂ ತಿಂದು, ಬೀಜ ಉಗುಳಿ, ಚಿನ್ನ ಅಲ್ಲಿ ಸೋವಿಯೇ ಎಂದು ವಿಚಾರಿಸಿ ತರಗತಿಗೆ ಹೋದರು. ನಾವಿಬ್ಬರೇ ಉಳಿದಾಗ ಹೇಳಿದರು. ನಾನು, ‘ನೀವು ಓದದಽ ಸಹಿ ಮಾಡಿದ್ರಾ? ನೀವು?’ ಎಂದೆ.

‘ಕೈಗೆ ರೂಢಿ ಆಗೇತ್ರಿ ಸರ. ಕೈ ತಾನಽ ಮಾಡತೈತಿ’ ಎಂದರು.

ನನಗೆ ಬಹಳ ಕೆಟ್ಟೆನಿಸಿತು. ಬೇರೆ ಯಾವ ಸೀಮೆಯ ಶಿಕ್ಷಕರೂ ಆ ಕಾಗದಕ್ಕೆ ಹಾಗೆ ಸಹಿ ಮಾಡುತ್ತಿರಲಿಲ್ಲ. ಅಲ್ಲಿಯೇ ಕೆಲಸಕ್ಕಿದ್ದ ಒಬ್ಬ ಕೇರಳದ ಟೀಚರಮ್ಮ ಆ ಹಾಳೆಯನ್ನು ಹರಿದು ಆಫೀಸಿನವನ ಮೇಲೆ ಎಸೆದಿದ್ದಳಂತೆ. ನಮ್ಮವರಿಗೆ ಮಾತ್ರ ಮೊದಲು ಸಹಿ, ಆಮೇಲೆ ದುಡ್ಡು ಎಂಬುದು ಸೂರ್ಯ ಹುಟ್ಟಿದಷ್ಟೇ ಸಹಜ.

ವಾರ ಹೋಯಿತು, ತಿಂಗಳು ಹೋಯಿತು, ಹಣ ಬರಲಿಲ್ಲ. ಅಧ್ಯಕ್ಷರು ಹಳೆಯ ಕೆಲಸಕ್ಕೆ ಕರೆದರು. ಮೇಡಂ ಒಪ್ಪಲಿಲ್ಲ. ಬಾಡಿಗೆ ಕೋಣೆಯಲ್ಲಿ ಟ್ಯೂಷನ್ ಶುರು ಮಾಡಿದರು. ಬೆಳಿಗ್ಗೆ ಹುಡುಗಿಯರು, ಸಂಜೆ ಹುಡುಗರು, ನಡುವಿನ ಹೊತ್ತು ಬಾಕಿ ಪಗಾರದ ಬೆನ್ನು ಹತ್ತುವ ಕೆಲಸ. ಶಾಲೆಗೆ ಇ-ಮೇಲ್ ಬರೆದರು, ಉತ್ತರವಿಲ್ಲ. ಏಜೆಂಟನ ಆಫೀಸಿಗೆ ಹೋದರು, ಅಲ್ಲಿ ಮೊಬೈಲ್ ಅಂಗಡಿ ಆಗಿತ್ತು. ರಾಯಭಾರ ಕಚೇರಿಗೆ ಬರೆದರು. ಅವರು, ಅಲ್ಲಿಯ ಕಾರ್ಮಿಕ ಇಲಾಖೆಗೆ ದೂರು ಕೊಡಿ, ನೀವು ಬರಲಾಗದಿದ್ದರೆ ನಿಮ್ಮ ಪರವಾಗಿ ಓಡಾಡಲು ಒಬ್ಬರಿಗೆ ಅಧಿಕಾರಪತ್ರ ಕೊಡಿ ಎಂದರು. ಇನ್ನೂ ಆ ದೇಶದಲ್ಲೇ ಇದ್ದ ಕೇರಳದ ಟೀಚರಮ್ಮ ಒಪ್ಪಿದಳು. ಅಧಿಕಾರಪತ್ರಕ್ಕೆ ಕೊಪ್ಪಳದಲ್ಲಿ ನೋಟರಿ, ಬೆಂಗಳೂರಿನಲ್ಲಿ ಒಂದು ಠಸ್ಸೆ, ದಿಲ್ಲಿಯಲ್ಲಿ ಇನ್ನೆರಡು.

ಕೊಪ್ಪಳಕ್ಕೆ ನಾನೂ ಹೋಗಿದ್ದೆ. ನೋಟರಿ ವಯಸ್ಸಾದ ವಕೀಲರು. ಪತ್ರ ಓದಿ ಕನ್ನಡಕದ ಮೇಲಿಂದ ನೋಡಿದರು.

‘ಯಮ್ಮಾ, ಸಮುದ್ರದಾಚೆ ಇರೋರ ಹತ್ರ ರೊಕ್ಕ ವಸೂಲಿ ಮಾಡ್ತೀಯೇನು? ನನ್ನ ತಮ್ಮ ಕುಷ್ಟಗಿ ಒಳಗ ಅದಾನ. ಅವನ ಕಡೆಯಿಂದಽ ನನಗ ಆಗವಲ್ದು.’

‘ಅವ್ರು ಬರದು ಕೊಟ್ಟಾರೇನ್ರಿ?’

‘ತಮ್ಮ ಏನು ಬರದು ಕೊಡ್ತಾನವಾ?’

‘ಮತ್ತ ಅದು ಬ್ಯಾರೆ ಲೆಕ್ಕ ಬಿಡ್ರಿ’ ಎಂದು ಮೇಡಂ ಠಸ್ಸೆ ಹಾಕಿಸಿಕೊಂಡು ಹೊರಬಂದರು. ಹೊರಗೆ ಗಾಡಿಯ ಹತ್ತಿರ ವಗ್ಗರಣಿ ಮಿರ್ಚಿ ತಿಂದೆವು. ಅವರು ಎಂಥ ದಿನವೂ ಮಿರ್ಚಿ ಬಿಟ್ಟವರಲ್ಲ. ಸಿಟ್ಟು ಬಂದಷ್ಟೂ ಖಾರದ್ದನ್ನು ಆರಿಸುತ್ತಿದ್ದರು.

ಚಳಿಗಾಲದ ಕೊನೆಗೆ ವಿಚಾರಣೆ ಬಂತು. ವಿಡಿಯೋದಲ್ಲಿ. ಅವರ ಕೋಣೆಯಲ್ಲಿ ನೆಟ್‌ವರ್ಕ್ ಸಿಗದು, ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಟೇಬಲ್ಲಿನ ಮೇಲೆ ಹೊಸ ಬಟ್ಟೆ ಹಾಸಿದಳು. ಪರದೇಶದ ಸಾಹೇಬರಿಗೆ ಮನೆ ಕಾಣುತ್ತದಲ್ಲ. ಆ ಕಡೆ ಒಬ್ಬ ಅಧಿಕಾರಿ, ಶಾಲೆಯ ವಕೀಲ, ಒಬ್ಬ ದುಭಾಷಿ. ದುಭಾಷಿ ಹೈದರಾಬಾದಿನವನು, ಹಿಂದಿ ಉರ್ದು ಬೆರೆಸಿ ಮಾತಾಡುತ್ತಿದ್ದ. ಮೇಡಂ ನಮ್ಮ ಕಡೆಯ ಬಜಾರಿನ ಉರ್ದುವಿನಲ್ಲೇ ಉತ್ತರಿಸಿದರು.

ವಕೀಲ ಆ ಹಾಳೆಯನ್ನು ತೋರಿಸಿದ. ಇದು ನಿಮ್ಮ ಸಹಿಯೇ?

ಹೌದು.

ಹಾಗಾದರೆ ಹಣ ಬಂದಿದೆ.

ಬಂದಿಲ್ಲ.

ಬಾರದ ಹಣಕ್ಕೆ ಯಾರಾದರೂ ಸಹಿ ಮಾಡುತ್ತಾರೆಯೇ?

ಮೇಡಂ ಕುತ್ತಿಗೆ ನೆಟ್ಟಗೆ ಮಾಡಿ, ‘ಹಮಾರೆ ಯಹಾಂ ಐಸಾಚ್ ಹೈ ಸಾಬ್. ಪೂರಾ ದಸ್ತಖತ್, ಆಧಾ ಪಗಾರ್’ ಎಂದರು; ನಮ್ಮಲ್ಲಿ ಹೀಗೆಯೇ, ಸಹಿ ಪೂರಾ, ಪಗಾರ ಅರ್ಧ ಎಂದು. ಹೈದರಾಬಾದಿನವನು ತುಟಿ ಬಿಗಿಹಿಡಿದರೂ ನಗು ತಡೆಯಲಾಗಲಿಲ್ಲ. ಅವನಿಗೆ ಅರ್ಥವಾಗಿತ್ತು, ಅವನ ಊರಲ್ಲೂ ಹಾಗೆಯೇ ಇರಬೇಕು. ಅದನ್ನು ಅವನು ಸಾಹೇಬರಿಗೆ ಹೇಳಲು ಬಹಳ ಹೊತ್ತು ತೆಗೆದುಕೊಂಡ. ಸಾಹೇಬರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಹಣ ಕೊಟ್ಟ ಬ್ಯಾಂಕಿನ ದಾಖಲೆ ಎಲ್ಲಿ ಎಂದು ಶಾಲೆಯ ವಕೀಲನನ್ನು ಕೇಳಿದರು. ಅವನ ಬಳಿ ಇರಲಿಲ್ಲ.

ಅಂದು ಗೆದ್ದಂತೆಯೇ ಎಂದುಕೊಂಡೆವು. ನನ್ನ ಹೆಂಡತಿ ಶಿರಾ ಮಾಡಿದಳು. ಆದರೆ ಸಾಹೇಬರು ಮುಂದಿನ ವಿಚಾರಣೆಯನ್ನು ಮಳೆಗಾಲಕ್ಕೆ ಹಾಕಿದರು. ಉಗಾದಿ ಅದಕ್ಕೂ ಮೊದಲೇ ಇತ್ತು.

ಮೇಡಂ ನವಲಿಗೆ ಹೋಗಿ ಆ ರೈತರನ್ನು ಎರಡು ತಿಂಗಳ ವಾಯಿದೆ ಕೇಳಿದರು. ಅವರು ಕೆಟ್ಟವರಲ್ಲ. ಭತ್ತ ಕೊಯ್ಯುವ ಮಷಿನ್ ಕೊಳ್ಳಲು ಅವರಿಗೂ ಹಣ ಬೇಕಿತ್ತು. ‘ನಿನ್ನ ಮುಖ ನೋಡಿ ಉಗಾದಿ ತನಕ ಕಾಯ್ದೀನವಾ. ಮರುದಿನಕ್ಕ ಇನ್ನೊಬ್ಬರು ರೊಕ್ಕ ಹಿಡ್ಕೊಂಡು ಕುಂತಾರ’ ಎಂದರಂತೆ. ಬಂದವರಿಗೆ ಜೋಳದ ರೊಟ್ಟಿ ಊಟ ಹಾಕಿಸಿ ಬಸ್ಸು ಹತ್ತಿಸಿ ಕಳಿಸಿದರಂತೆ.

ಆಗಲೇ ಶಾಲೆಯಿಂದ ಮಾತು ಬಂದದ್ದು. ಅರ್ಧ ಕೊಡುತ್ತೇವೆ, ಈಗಲೇ. ಆದರೆ ಪೂರಾ ಮುಟ್ಟಿದೆ, ಇನ್ನು ತಕರಾರಿಲ್ಲ ಎಂದು ಬರೆದು ಸಹಿ ಮಾಡಿಕೊಡಬೇಕು. ಆ ಅರ್ಧಕ್ಕೆ ಟ್ಯೂಷನ್ನಿನ ಹಣ ಸೇರಿಸಿದರೆ ಮನೆಗೆ ಸರಿಹೋಗುತ್ತಿತ್ತು. ಒಲ್ಲೆ ಎಂದರೆ ಮಳೆಗಾಲದವರೆಗೆ ಹೋರಾಡಿ ಪೂರಾ ಪಡೆಯಬಹುದಿತ್ತು; ಆದರೆ ಮುಂಗಡ ಮುಳುಗಿ, ಮನೆ ಹೋಗಿರುತ್ತಿತ್ತು.

‘ತಗೋರಿ’ ಎಂದೆ ನಾನು. ‘ಅರ್ಧನಾದ್ರೂ ಬರ್ಲಿ.’

ಅವರು ಮೊಬೈಲನ್ನು ನನ್ನ ಕಡೆ ತಿರುಗಿಸಿದರು. ‘ಅದಽ ಸಹಿ ಕೇಳಾಕತ್ತಾರ ನೋಡ್ರಿ ಸರ. ಅಷ್ಟು ದೂರ ಹೋದೆ, ಅದಽ ಸಹಿ’ ಎಂದರು. ಕಣ್ಣಲ್ಲಿ ನೀರಿತ್ತು. ಸೆರಗಿನಲ್ಲಿ ಒರೆಸಿಕೊಳ್ಳಲೂ ಇಲ್ಲ, ಹಾಗೇ ಬಿಟ್ಟರು.

ಆದರೂ ಒಂದು ಷರತ್ತು ಹಾಕಿದರು: ಈ ಸಲ ಮೊದಲು ಹಣ, ಆಮೇಲೆ ಸಹಿ. ಇಲಾಖೆಯ ಸಾಹೇಬರು ನಡುವೆ ನಿಂತದ್ದರಿಂದ ಶಾಲೆ ಒಪ್ಪಿತು. ಹಣ ಖಾತೆಗೆ ಬಂದು ಬಿತ್ತು. ಬಸ್ ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಆ ಒಪ್ಪಂದದ ಹಾಳೆಯನ್ನು ಪ್ರಿಂಟ್ ತೆಗೆಸಿದೆವು. ಅಲ್ಲಿ ನನಗೊಂದು ಬುದ್ಧಿ ಹೊಳೆಯಿತು.

‘ಮೇಡಂ, ರೊಕ್ಕ ಬಂತಲ್ಲ. ಈಗ ಸಹಿ ಮಾಡಬ್ಯಾಡ್ರಿ. ಉಳಿದರ್ಧಕ್ಕ ಕೇಸು ನಡೀಲಿ. ಏನು ಮಾಡ್ತಾರ?’

‘ಮಾಡ್ತೀನಿ ಅಂತ ಹೇಳೀನಲ್ರಿ.’

‘ಅವರು ಹೇಳಿದ್ದನ್ನ ಅವರು ಮಾಡ್ಯಾರೇನು?’

‘ಅದು ಅವರ ಲೆಕ್ಕ’ ಎಂದು ಹಾಳೆಯನ್ನು ಕೌಂಟರಿನ ಮೇಲಿಟ್ಟು ಓದಲು ಶುರು ಮಾಡಿದರು. ಮೇಲಿನಿಂದ ಕೆಳಗಿನವರೆಗೆ, ಮತ್ತೆ ಮೇಲಿನಿಂದ. ಹಿಂದೆ ನಿಂತಿದ್ದ ಗಿರಾಕಿಗಳು ಗೊಣಗಿದರು. ಮೇಡಂ ಅತ್ತಿತ್ತ ನೋಡಲಿಲ್ಲ. ಹಾಳೆಯನ್ನು ನೋಡಿಕೊಂಡೇ, ಒಂದೊಂದೇ ಅಕ್ಷರ ಬಿಡಿಸಿ, ಸಹಿ ಮಾಡಿದರು. ಕಿಟಕಿ ಕಡೆ ನೋಡುತ್ತ ಮಾಡುತ್ತಿದ್ದ ಸಹಿಗಿಂತ ಅದು ದುಂಡಗಿತ್ತು.

ಮನೆ ಅವರದಾಯಿತು. ಉಗಾದಿಯ ಹಿಂದಿನ ವಾರ ರಿಜಿಸ್ಟ್ರಿ, ಹಬ್ಬದ ದಿನ ಹಾಲು ಉಕ್ಕಿಸಿದರು. ತಾವರಗೇರಾದಿಂದ ತಾಯಿ ಬಂದಿದ್ದರು. ನಾವು ಹತ್ತು ಜನ ಇರಬಹುದು. ಊಟ ಆದ ಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಒಳಗಿನಿಂದ ಚಿಲಕ ಹಾಕಿಕೊಂಡರು. ಏನಾಯಿತೋ ಎಂದು ನಾವು ಬಾಗಿಲು ಬಡಿದೆವು. ತೆಗೆದು ನಗುತ್ತ ನಿಂತರು. ‘ಬರೇ ನೋಡಿದೆ, ಹತ್ತತೈತೋ ಇಲ್ಲೋ ಅಂತ’ ಎಂದರು. ಅವರನ್ನು ಅಷ್ಟು ಖುಷಿಯಾಗಿ ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಾಲು ಉಕ್ಕಿಸಲು ಬಂದವರಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬನಿದ್ದ, ಪತ್ರಿಕೆಯೊಂದರ ವರದಿಗಾರ. ಕೊಲ್ಲಿಯ ಆ ಕಾರ್ಮಿಕ ಇಲಾಖೆಯ ಕಾಗದದಲ್ಲಿ ಪೂರಾ ಪಾವತಿ ಎಂದು ಇತ್ತಲ್ಲ, ಅದನ್ನೇ ನೋಡಿ ಬರೆದ. ‘ವಿದೇಶಿ ಶಾಲೆಯನ್ನು ಮಣಿಸಿದ ಗಂಗಾವತಿಯ ಶಿಕ್ಷಕಿ’ ಎಂದು ಫೋಟೋ ಸಮೇತ ಬಂತು. ಕಾಲೇಜಿಗೆ ಅಡ್ಮಿಷನ್ ಶುರುವಾಗುವ ಹೊತ್ತು. ನಮ್ಮ ಅಧ್ಯಕ್ಷರು ಪತ್ರಿಕೆ ನೋಡಿದ ಕೂಡಲೇ ಸನ್ಮಾನ ಗೊತ್ತು ಮಾಡಿದರು. ಕರೆಯಲು ನನ್ನನ್ನೇ ಕಳಿಸಿದರು.

‘ಒಲ್ಲೆ ಅನ್ರಿ’ ಎಂದೆ ನಾನು. ಕರೆಯಲು ಹೋದವನು ಹೇಳುವ ಮಾತಲ್ಲ ಅದು.

‘ಯಾಕ? ಬರ್ತೀನಿ’ ಎಂದರು ಮೇಡಂ.

ಕಾಲೇಜಿನ ಅಂಗಳದಲ್ಲಿ ಶಾಮಿಯಾನ. ಪಾಲಕರು, ಹುಡುಗರು, ಮುಂದಿನ ಸಾಲಿನಲ್ಲಿ ನಾವು ಉಪನ್ಯಾಸಕರು. ಶಾಲು, ಹಾರ, ಹಣ್ಣಿನ ಬುಟ್ಟಿ, ಪೇಟ. ಅಧ್ಯಕ್ಷರು ಚೆನ್ನಾಗಿ ಮಾತಾಡುತ್ತಾರೆ. ಪರದೇಶದ ನೆಲದಲ್ಲಿ ಹೋರಾಡಿ ತನ್ನ ಬೆವರಿನ ಪ್ರತಿಯೊಂದು ಪೈಸೆಯನ್ನೂ ವಸೂಲಿ ಮಾಡಿದ ದಿಟ್ಟ ಹೆಣ್ಣುಮಗಳು, ಇಂಥವರನ್ನು ತಯಾರು ಮಾಡಿದ್ದು ಈ ಸಂಸ್ಥೆ ಎಂದರು. ಚಪ್ಪಾಳೆ ಬಿತ್ತು. ಆಮೇಲೆ ಎರಡು ಮಾತಾಡಿ ಎಂದು ಮೇಡಂಗೆ ಮೈಕು ಕೊಟ್ಟರು.

ಅವರು ಪೇಟ ತೆಗೆದು ಕುರ್ಚಿಯ ಮೇಲಿಟ್ಟು, ತರಗತಿಯಲ್ಲಿ ನಿಲ್ಲುವಂತೆಯೇ ನಿಂತರು.

‘ಎಲ್ಲಾರಿಗೂ ನಮಸ್ಕಾರ್ರಿ. ಅಧ್ಯಕ್ಷರು ಪ್ರತಿಯೊಂದು ಪೈಸಾ ಅಂದ್ರು. ಅದು ತಪ್ಪೈತಿ, ತಿದ್ದತೀನಿ. ನನಗ ಬಂದದ್ದು ಅರ್ಧ. ಪೂರಾ ಬಂದೈತಿ ಅಂತ ಸಹಿ ಮಾಡಿಕೊಟ್ಟೀನಿ, ಅದಕ್ಕ ಪೇಪರ್‌ನ್ಯಾಗ ಹಂಗ ಬಂತು. ಪೇಪರ್‌ನವರದು ತಪ್ಪಿಲ್ಲ.’

ಜನ ಇನ್ನೂ ನಗುವ ತಯಾರಿಯಲ್ಲಿದ್ದರು, ಮೇಡಂ ಏನೋ ತಮಾಷೆ ಹೇಳುತ್ತಾರೆಂದು.

‘ಅರ್ಧ ತಗೊಂಡು ಪೂರಾಕ್ಕ ಸಹಿ ಮಾಡೂದನ್ನ ನನಗ ಅಲ್ಲಿಯವರು ಕಲಿಸಲಿಲ್ಲ. ನಾನು ಕಲ್ತು ಹೋಗಿದ್ದೆ. ಇದಽ ಕಾಲೇಜಿನಾಗ, ಹನ್ನೆರಡು ವರ್ಷ ಕಲ್ತೀನಿ. ನನ್ನ ಜೋಡಿ ಕಲ್ತವರು ಇಲ್ಲೇ ಮುಂದಿನ ಸಾಲಿನಾಗ ಕುಂತಾರ. ಅಷ್ಟ ಹೇಳೂದಿತ್ತು. ನಮಸ್ಕಾರ.’

ಶಾಮಿಯಾನದ ಬಟ್ಟೆ ಗಾಳಿಗೆ ಪಟಪಟ ಎನ್ನುವುದು ಕೇಳಿಸಿತು. ಅಧ್ಯಕ್ಷರು ಪಳಗಿದವರು. ಮೈಕು ತೆಗೆದುಕೊಂಡು, ‘ಮೇಡಂ ಅವರು ಗಣಿತದವರಲ್ರೀ, ಲೆಕ್ಕ ಅಂದ್ರ ಲೆಕ್ಕ!’ ಎಂದು ನಕ್ಕು, ವಂದನಾರ್ಪಣೆಗೆ ಹೆಸರು ಕರೆದರು.

ಮೇಡಂ ವೇದಿಕೆ ಇಳಿದು ಬಂದು ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ಹೆಗಲ ಮೇಲೆ ಶಾಲು ಹಾಗೇ ಇತ್ತು.

‘ಯಾರೂ ಚಪ್ಪಾಳಿ ಹೊಡೀಲಿಲ್ಲ ನೋಡ್ರಿ ಸರ’ ಎಂದರು ಮೆಲ್ಲಗೆ.

‘ಹೆಂಗ ಹೊಡೀತಾರ್ರಿ? ನಾಳೆ ಒಂದನೇ ತಾರೀಖು. ಎಲ್ಲಾರೂ ಸಹಿ ಮಾಡಬೇಕಲ್ಲ.’

ಅವರು ನಕ್ಕರು. ನಕ್ಕು ನನ್ನ ಕಡೆ ತಿರುಗಿದರು.

‘ನೀವು?’

ಅಷ್ಟರಲ್ಲಿ ಊಟಕ್ಕೆ ಕರೆದರು, ಎದ್ದೆವು. ಆ ಪ್ರಶ್ನೆಯನ್ನು ಅವರು ಅಂದೂ ಮತ್ತೆ ಕೇಳಲಿಲ್ಲ, ಆಮೇಲೆ ಬದುಕಿದ್ದಷ್ಟು ದಿನವೂ ಕೇಳಲಿಲ್ಲ. ನಾನು ಈಗಲೂ ಅದೇ ಕಾಲೇಜಿನಲ್ಲಿದ್ದೇನೆ.